ಮೋಟರ್‌ಹೋಮ್‌ನಲ್ಲಿ ಡೀಸೆಲ್ ಉಳಿತಾಯ: ನನ್ನ ಅನುಭವ

ಆನೆ ಸಾಕಿದ ಮೇಲೆ ಮೇವಿನ ಲೆಕ್ಕ ಹಾಕಬಾರದು ಎಂದೇ ಮೋಟರ್‌ಹೋಮ್ (ಅಡುಗೆ, ಮಲಗುವ ಸೌಕರ್ಯವಿರುವ ಮನೆಯಂಥ ವಾಹನ) ಓಡಿಸುವ ಸ್ನೇಹಿತರೆಲ್ಲ ನನಗೆ ಹೇಳುತ್ತಿದ್ದರು. ಮೂರೂವರೆ ಟನ್ ತೂಗುವ ವಾಹನ ಲೀಟರಿಗೆ 7 ಕಿ.ಮೀ. ಕೊಟ್ಟರೆ ಅದೇ ಹೆಚ್ಚು ಎನ್ನುವುದು ಅವರ ವಾದ. ಈಗ ನನ್ನದು 9.5ರ ಆಸುಪಾಸಿನಲ್ಲಿದೆ, ಡೀಸೆಲ್ ಖರ್ಚಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಉಳಿಯುತ್ತಿದೆ. ಅಂದು ನಕ್ಕವರೇ ಈಗ ನನ್ನ ಲೆಕ್ಕದ ಪುಸ್ತಕ ಕೇಳುತ್ತಾರೆ. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ನಾನು ನಂಬುವುದಿಲ್ಲ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಬರೆದಿಟ್ಟ ಲೆಕ್ಕವಿದು.

ಮೊದಲು ದಂಡವಾದ ಹಣದ ವಿಚಾರ. ಕ್ಯಾಬಿನ್ ಮೇಲೆ ಗಾಳಿ ಸೀಳಲೆಂದು ಫೈಬರ್ ಹೊದಿಕೆ ಮಾಡಿಸಿದೆ. ನಾಲ್ಕೈದು ಸಲ ಟ್ಯಾಂಕ್ ತುಂಬಿಸುವಷ್ಟು ಹಣ ಹೋಯಿತು, ಪುಸ್ತಕದಲ್ಲಿ ಮಾತ್ರ ಯಾವ ವ್ಯತ್ಯಾಸವೂ ಕಾಣಲಿಲ್ಲ. ಡೀಸೆಲ್ ಕೊಳವೆಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಸುರಿಯುವ ದ್ರಾವಣ ಎರಡನ್ನೂ ಪರೀಕ್ಷಿಸಿದೆ. ಎರಡೂ ಸೊನ್ನೆ.

ಫಲ ಕೊಟ್ಟದ್ದು ಬಿಡಿಗಾಸೂ ಬೇಡದ ಕೆಲಸ. ಹೆದ್ದಾರಿಯಲ್ಲಿ 100ರ ವೇಗವನ್ನು 80ಕ್ಕೆ ಇಳಿಸಿದೆ. ನಮ್ಮಂಥ ಎತ್ತರದ ವಾಹನಕ್ಕೆ ಗಾಳಿಯೇ ದೊಡ್ಡ ಶತ್ರು, ಈ ಇಳಿಕೆಯಿಂದ ಅದರ ತಡೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಗ್ಗುತ್ತದೆ. 300 ಕಿ.ಮೀ. ದಾರಿಗೆ ಮುಕ್ಕಾಲು ಗಂಟೆ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಎದುರುಗಾಳಿ ಇರುವ ದಿನ ಹೊರಡುವ ಹೊತ್ತನ್ನೇ ಬದಲಿಸುತ್ತೇನೆ. ಆ ಹೊತ್ತನ್ನು ಆರಿಸಲು ನನ್ನದೇ ಒಂದು ಪಟ್ಟಿ ಇದೆ, ಸದ್ಯಕ್ಕೆ ಅದು ನನ್ನ ಬಳಿಯೇ ಇರಲಿ.

ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಉಳಿಸುತ್ತೇವೆ ಎನ್ನುವವರೊಡನೆ ನಾನು ಖಡಾಖಂಡಿತವಾಗಿ ಜಗಳವಾಡುತ್ತೇನೆ. ಈಗಿನ ಎಂಜಿನ್‌ಗಳಲ್ಲಿ ಗೇರ್‌ನಲ್ಲೇ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಧನ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಿರುಗಲು ಡೀಸೆಲ್ ಬೇಕೇ ಬೇಕು, ಜೊತೆಗೆ ಅಷ್ಟೂ ಭಾರ ಬ್ರೇಕಿನ ಮೇಲೆ ಬೀಳುತ್ತದೆ.

ತೂಕದ ಲಾಭ ನಾನು ಎಣಿಸಿದ್ದಕ್ಕಿಂತ ಕಡಿಮೆ. 100 ಲೀಟರ್ ನೀರೆಂದರೆ 100 ಕಿಲೋ ಎಂದು ಟ್ಯಾಂಕನ್ನು ಮೂರನೇ ಒಂದರಷ್ಟೇ ತುಂಬಿಸಿ ನೋಡಿದೆ. ಘಟ್ಟದಲ್ಲಿ ಗೊತ್ತಾಯಿತು, ಸಮತಟ್ಟಾದ ರಸ್ತೆಯಲ್ಲಿ ಇಲ್ಲ. ಟೈರ್ ವಿಷಯ ಹಾಗಲ್ಲ. ಸಾಮಾನು ತುಂಬಿದ ವಾಹನವನ್ನು ಮುಂದಿನ, ಹಿಂದಿನ ಆಕ್ಸಲ್ ಬೇರೆ ಬೇರೆಯಾಗಿ ತೂಗಿಸಿ, ಟೈರ್ ತಯಾರಕರ ಕೋಷ್ಟಕ ನೋಡಿ, ಟೈರ್ ತಣ್ಣಗಿರುವಾಗಲೇ ಗಾಳಿ ಹಿಡಿಸುತ್ತೇನೆ.

ಬಂಕಿನ ವಿಷಯದಲ್ಲಿ ನನ್ನದು ಹಟವೇ. ಗ್ಯಾಸ್ ಸಿಲಿಂಡರಿನ ವಾಲ್ವನ್ನು ಬಂಕ್ ಸಿಗುವ ಮೊದಲೇ ರಸ್ತೆ ಬದಿಯಲ್ಲಿ ನಿಲ್ಲಿಸಿ ಮುಚ್ಚುತ್ತೇನೆ. ಎಂಜಿನ್ ನಿಲ್ಲಿಸಿದ ಮೇಲೆ ತಾವಾಗಿಯೇ ಗ್ಯಾಸ್ ಜ್ವಾಲೆಗೆ ಬದಲಾಗುವ ಫ್ರಿಜ್‌ಗಳಿವೆ, ಅದು ಪಂಪಿನ ಪಕ್ಕದಲ್ಲಿ ಆಗಬಾರದು. ಫ್ರಿಜ್ ಬಾಗಿಲು ತೆರೆಯದಿದ್ದರೆ ಅಷ್ಟು ಹೊತ್ತಿಗೆ ತಂಪೇನೂ ಆರುವುದಿಲ್ಲ. ವಾಹನದ ಒಳಗನ್ನು ಬೆಚ್ಚಗಿಡುವ ಡೀಸೆಲ್ ಹೀಟರ್ ಇದ್ದವರು ಇನ್ನೂ ಮುಂಚೆ ಆರಿಸಬೇಕು, ಸ್ವಿಚ್ ಒತ್ತಿದ ಮೇಲೂ ಅದು ಕೆಲವು ನಿಮಿಷ ಓಡಿಯೇ ನಿಲ್ಲುವುದು.

ಏಸಿ, ಸೌರಫಲಕ ಸೇರಿಸಿ ಅಳೆದ ಎತ್ತರವನ್ನು ಸ್ಟೀರಿಂಗ್ ಎದುರಿಗೇ ಅಂಟಿಸಿದ್ದೇನೆ, ಬಂಕಿನ ಚಾವಣಿಯ ಕೆಳಗೆ ನುಗ್ಗುವ ಮೊದಲು ಕಣ್ಣು ಅಲ್ಲಿಗೆ ಹೋಗುತ್ತದೆ. ಹೊರಡುವಾಗ ಚಕ್ರ ನೇರವಾಗಿಟ್ಟು ಒಂದಿಷ್ಟು ಮುಂದೆ ಬಂದ ಮೇಲೆಯೇ ತಿರುಗಿಸುವುದು, ಇಲ್ಲವಾದರೆ ಹಿಂದಿನ ಉದ್ದ ಭಾಗ ಪಂಪಿನತ್ತ ಬೀಸುತ್ತದೆ.

ಬಾಡಿಗೆ ವಾಹನವಾದರೆ ಮುಚ್ಚಳದ ಮೇಲಿನ ಬರಹವನ್ನೂ ನಾಜಲ್ಲಿನ ಹೆಸರನ್ನೂ ಓದಿಯೇ ತುಂಬಿಸಿ. ಡೀಸೆಲ್ ಟ್ಯಾಂಕಿಗೆ ಪೆಟ್ರೋಲ್ ಬಿದ್ದರೆ ಕೀಲಿ ತಿರುಗಿಸಲೇಬೇಡಿ, ತಳ್ಳಿಸಿ ಬದಿಗೆ ನಿಲ್ಲಿಸಿ ಟ್ಯಾಂಕ್ ಬರಿದು ಮಾಡಿಸಿ. ಹೊಗೆಯ ಮಾಲಿನ್ಯ ತಗ್ಗಿಸಲು ನೀಲಿ ಮುಚ್ಚಳದ ಬೇರೆ ಟ್ಯಾಂಕಿಗೆ ಹಾಕುವ ಆ್ಯಡ್‌ಬ್ಲೂ ದ್ರಾವಣ ಡೀಸೆಲ್‌ಗೆ ಬೆರೆತರೂ ಇದೇ ಕ್ರಮ. ನಾಜಲ್ ತಾನಾಗಿ ನಿಂತ ಮೇಲೆ ನಾನು ಒಂದು ತೊಟ್ಟನ್ನೂ ಸೇರಿಸುವುದಿಲ್ಲ. ಚೆಲ್ಲುವ ಅಪಾಯ ತಪ್ಪುತ್ತದೆ, ಪುಸ್ತಕದ ಲೆಕ್ಕವೂ ಪ್ರತಿ ಸಲ ಒಂದೇ ಮಟ್ಟದಿಂದ ಶುರುವಾಗುತ್ತದೆ.