ಹಳೆ ಮಸಲ್ ಕಾರಿನ ಎಂಜಿನ್ ಯಾರ ಕೈಗೆ ಕೊಡಬೇಕು?

ಅಮೆರಿಕದಲ್ಲಿರುವ ನಮ್ಮ ಹಳೆ ಕಾರು ಪ್ರಿಯರಿಗೆ ಒಂದು ಮಾತು. 1970ರ ಶೆವ್ರೊಲೆ ಶೆವೆಲ್‌ನಂಥ ಮಸಲ್ ಕಾರಿನ (ದೊಡ್ಡ, ಶಕ್ತಿಶಾಲಿ ಎಂಜಿನ್ ಇರುವ ಕಾರು) 454 ಘನ ಇಂಚಿನ ಎಂಜಿನ್ ಬಿಚ್ಚಿಸಿ ಕಟ್ಟಿಸುವುದಾದರೆ, ಎಷ್ಟು ಹಾರ್ಸ್‌ಪವರ್ ಬರುತ್ತದೆ ಅಂತ ಮೊದಲು ಕೇಳಬೇಡಿ. ಬ್ಲಾಕ್ ಬೋರ್ ಮಾಡುವವರು, ಅಂದರೆ ಎಂಜಿನ್ನಿನ ಮುಖ್ಯ ಲೋಹದ ಒಡಲಿನ ಸಿಲಿಂಡರ್ ಕೊರೆದು ಅಗಲ ಮಾಡುವವರು, ಯಾರು ಅಂತ ಕೇಳಿ. ಎಷ್ಟೋ ಕಡೆ ಮಷಿನ್ ಕೆಲಸ ಹೊರಗೆ ಕೊಟ್ಟು, ಬರೀ ಜೋಡಿಸುತ್ತಾರೆ. ಅದು ತಪ್ಪಲ್ಲ, ಆದರೆ ನಮಗೆ ಮೊದಲೇ ಗೊತ್ತಿರಬೇಕು, ಅಲ್ವಾ?

ಬೋರ್ ಮಾಡುವ ಮುಂಚೆ ಸಿಲಿಂಡರ್ ಗೋಡೆಯ ದಪ್ಪ ಅಳೆಯುತ್ತಾರಾ? ಹೋನಿಂಗ್ ಮಾಡುವಾಗ, ಅಂದರೆ ಸಿಲಿಂಡರ್ ಒಳಗೋಡೆ ಉಜ್ಜಿ ನಯ ಮಾಡುವಾಗ, ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಬದಲು ಬಿಗಿಯುವ ದಪ್ಪ ಟಾರ್ಕ್ ಪ್ಲೇಟ್ ಹಾಕುತ್ತಾರಾ? ಹೆಡ್ ಬೋಲ್ಟ್ ಬಿಗಿದಾಗ ಸಿಲಿಂಡರ್ ಕೂದಲೆಳೆಯಷ್ಟು ಸೊಟ್ಟಗಾಗುತ್ತದೆ. ಪ್ಲೇಟ್ ಬಿಗಿದು ಉಜ್ಜಿದರೆ ಹೆಡ್ ಕೂರಿಸಿದ ಮೇಲೂ ದುಂಡಗೆ ಉಳಿಯುತ್ತದೆ. ಸುಮ್ನೆ ತಲೆಯಾಡಿಸುವವರು ಬೇಡ. ಪ್ರತಿ ಅಳತೆಯನ್ನೂ ಬರೆದು ಕೊಡುವವರನ್ನು ಹುಡುಕಿ.

ಫ್ಲಾಟ್ ಟ್ಯಾಪೆಟ್ ಕ್ಯಾಮ್ (ವಾಲ್ವ್ ತೆರೆಸುವ ಕ್ಯಾಮ್ ಮೇಲೆ ರೋಲರ್ ಇಲ್ಲದೆ ಚಪ್ಪಟೆ ಲಿಫ್ಟರ್ ಉಜ್ಜುವ ಬಗೆ) ಇದ್ದರೆ ಮೊದಲ ಸ್ಟಾರ್ಟ್ ಯಾರು ಮಾಡುತ್ತಾರೆ ಅನ್ನುವುದು ಬಹಳ ಮುಖ್ಯ. ಜಿಂಕ್ ಜಾಸ್ತಿ ಇರುವ ಎಣ್ಣೆ ಹಾಕಿ, 20-30 ನಿಮಿಷ 2,000 ಆರ್‌ಪಿಎಂ ಮೇಲೆಯೇ ಓಡಿಸಬೇಕು. ನನ್ನ ಎಂಜಿನ್ ಕಟ್ಟಿದವರು ಐಡಲ್‌ನಲ್ಲೇ ಬಿಟ್ಟಿದ್ದರು. ಕ್ಯಾಮ್‌ನ ಲೋಬ್ (ಉಬ್ಬು) ಸವೆದು, ಲೋಹದ ಪುಡಿ ಬೇರಿಂಗ್‌ವರೆಗೂ ಹೋಯಿತು. ಮತ್ತೆ ಪೂರ್ತಿ ಬಿಚ್ಚಬೇಕಾಯಿತು. ಆ ನೋವು ನಿಮಗೆ ಬೇಡ.

ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿ-ಪೆಟ್ರೋಲ್ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಅನ್ನುವುದರ ಬಗ್ಗೆಯೂ ಮಾತಾಡಿ. 454ರ ಹೆಚ್ಚು ಶಕ್ತಿಯ ರೂಪವಾದ ಎಲ್‌ಎಸ್6 ಎಂಜಿನ್‌ಗೆ 11.25:1 ಇತ್ತು, ಆದರೆ ಅದು ಸೀಸದ ಪೆಟ್ರೋಲ್ ಕಾಲ. ಇವತ್ತಿನ ಬಂಕ್‌ನ 93 ಆಕ್ಟೇನ್ ಪೆಟ್ರೋಲ್‌ಗೆ ಹೊಂದುವಂತೆ ಕಂಪ್ರೆಷನ್ ಇಳಿಸಿ ಕಟ್ಟಿಸಿ.

ಇನ್ನೊಂದು. ಕಾರಿನ ಜೊತೆ ಬಂದ ಮೂಲ ಬ್ಲಾಕ್ ಆಗಿದ್ದರೆ, ಮುಂಭಾಗದಲ್ಲಿ ಅಚ್ಚೊತ್ತಿರುವ, ಅದೇ ಮೂಲ ಎಂಜಿನ್ ಅಂತ ತೋರಿಸುವ ನಂಬರ್ ಉಳಿಸಬೇಕು ಅಂತ ಬರೆದೇ ಕೊಡಿ. ಬ್ಲಾಕಿನ ಮೇಲ್ಮೈ ಸಮ ಮಾಡುವಾಗ ಅದೂ ಅಳಿಸಿಹೋಗಬಹುದು.