ಬಾಲ ಇದೆ, ಕಾಲಿಲ್ಲ: ಗೊದಮೊಟ್ಟೆ ತೋರಿಸಿ ಇಂಗ್ಲಿಷ್ ಕಲಿಸುವ ಬಗೆ

ಎರಡನೇ, ಮೂರನೇ ತರಗತಿಯ ಮಕ್ಕಳಿಗೆ ಫ್ರಾಗ್, ಟೇಲ್, ಲೆಗ್ ಎಂಬ ಪದಗಳನ್ನು ಕಲಿಸಲು ಎರಡು ದಿನ ಸಾಕು. ತೊಡಕಿರುವುದು ‘ಹ್ಯಾಸ್’ನಲ್ಲಿ. ಮನೆಯಲ್ಲಿ ‘ಅದಕ್ಕೆ ಬಾಲ ಇದೆ’ ಅನ್ನುವ ಮಗು ಶಾಲೆಯಲ್ಲಿ ‘ಇಟ್ ಈಸ್ ಟೇಲ್’ ಅನ್ನುತ್ತದೆ. ಮುಳಬಾಗಿಲು, ಬಾಗೇಪಲ್ಲಿ, ಪಾವಗಡದ ಕಡೆ ಮನೆಮಾತು ತೆಲುಗಾಗಿರುವ ಮಕ್ಕಳದ್ದೂ ಇದೇ ಕಥೆ. ‘ದಾನಿಕಿ ತೋಕ ಉಂದಿ’ಯಲ್ಲೂ ಇರುವುದು ‘ಇದೆ’ಯೇ. ವ್ಯಾಕರಣ ಬಿಡಿಸಿ ಹೇಳಿದರೆ ಈ ವಯಸ್ಸಿಗೆ ತಲೆಗೆ ಹೋಗುವುದಿಲ್ಲ. ಒಂದೇ ವಾಕ್ಯವನ್ನು ನೂರು ಸಲ ಹೇಳಿಸಬೇಕು, ಆದರೆ ಹೇಳುವಾಗ ಅದು ಹೊಸ ಸುದ್ದಿಯಾಗಿರಬೇಕು. ತರಗತಿಯ ಮೂಲೆಯಲ್ಲಿಟ್ಟ ಒಂದು ಟಬ್ ಗೊದಮೊಟ್ಟೆ ಈ ಕೆಲಸ ಮಾಡಿಕೊಡುತ್ತದೆ, ಏಕೆಂದರೆ ಅದರ ಕಾಲಿನ ಲೆಕ್ಕ ಬದಲಾಗುತ್ತಲೇ ಇರುತ್ತದೆ.

ನಮ್ಮ ಬಯಲುಸೀಮೆಯಲ್ಲಿ ಇದಕ್ಕೆ ಎರಡು ಹೊತ್ತು ಸಿಗುತ್ತದೆ. ಮೇ ತಿಂಗಳ ಮಳೆಗೆ ನೀರು ನಿಂತಿದ್ದರೆ ಶಾಲೆ ತೆರೆದ ಕೂಡಲೇ ಶುರು ಮಾಡಬಹುದು; ಇಲ್ಲವೇ ಆಗಸ್ಟ್ ಮೊದಲ ವಾರ. ನೆಲಗಪ್ಪೆಯ ಮರಿ ಪೂರ್ತಿ ಬೆಳೆಯಲು ಸುಮಾರು ಐದಾರು ವಾರ ಬೇಕು. ತಡಮಾಡಿದರೆ ದಸರಾ ರಜೆ ಅಡ್ಡ ಬರುತ್ತದೆ, ಬೀಗ ಹಾಕಿದ ಕೋಣೆಯಲ್ಲಿ ಮರಿಗಳು ಸಾಯುತ್ತವೆ. ಮಕ್ಕಳನ್ನು ಕೆರೆಗೆ ಇಳಿಸಬೇಡಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ (ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ) ನೀರು ಬರುತ್ತಿರುವ ಕೋಲಾರದ ಕೆರೆಗಳಲ್ಲಂತೂ ಮೊದಲಿನಂತೆ ಬೇಸಿಗೆಯ ಒಣ ಅಂಗಳ ಇರುವುದಿಲ್ಲ. ಕುಂಟೆಯ ಅಂಚು, ಹೊಲದ ಬದುವಿನ ಗುಂಡಿ ಸಾಕು. ಶಿಕ್ಷಕರೇ ಹೋಗಿ ಟೀ ಸೋಸುವ ಜರಡಿಯಲ್ಲಿ ಎತ್ತಿ ತನ್ನಿ.

ಕಪ್ಪಗೆ, ಸಣ್ಣಗೆ, ಗುಂಪಾಗಿ ಓಡಾಡುವವು ನೆಲಗಪ್ಪೆಯ ಮರಿಗಳು. ಗಟ್ಟಿ ಜೀವ, ಅವೇ ಇರಲಿ. ದೊಡ್ಡದಾಗಿ ಒಂಟಿಯಾಗಿ ಈಜುವುದನ್ನು ಮುಟ್ಟಬೇಡಿ. ಮಳೆಗೆ ಹಳದಿಯಾಗುವ ದೊಡ್ಡ ಕಪ್ಪೆಯ ಮರಿ ಉಳಿದ ಮರಿಗಳನ್ನು ತಿಂದುಹಾಕುತ್ತದೆ. ಮೇಲಾಗಿ ಆ ಕಪ್ಪೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ. (ನೆಲಗಪ್ಪೆಗೆ ಇಂಗ್ಲಿಷಿನಲ್ಲಿ ಬೇರೆ ಹೆಸರಿದೆ, ಗೊತ್ತು. ಮೂರನೇ ತರಗತಿಗೆ ಅದು ಬೇಡ, ಎಲ್ಲವೂ ಫ್ರಾಗೇ.)

ಹತ್ತು ಲೀಟರಿನ ಅಗಲ ಬಾಯಿಯ ಟಬ್ಬಿಗೆ ಆರು ಮರಿ, ಅದಕ್ಕಿಂತ ಹೆಚ್ಚಲ್ಲ. ಅವು ಇದ್ದ ಗುಂಡಿಯ ನೀರನ್ನೇ ತುಂಬಿ. ಎರಡು ದಿನಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ನೀರು ಬದಲಿಸಿ. ನಲ್ಲಿ ನೀರಾದರೆ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಹಾಕಿ, ಕ್ಲೋರಿನ್ ಹೋಗಬೇಕು. ಊಟಕ್ಕೆ ಬೇಯಿಸಿ ಆರಿಸಿದ ಪಾಲಕ್, ಎರಡು ಉಗುರಗಲ. ಮಾರನೇ ದಿನ ಉಳಿದದ್ದನ್ನು ತೆಗೆಯದಿದ್ದರೆ ನೀರು ನಾರುತ್ತದೆ, ಮರಿಗಳು ಸಾಯುವುದು ಹೆಚ್ಚಾಗಿ ಇದರಿಂದಲೇ, ಹಸಿವಿನಿಂದಲ್ಲ. ಬಿಸಿಯೂಟದ ಅನ್ನ ಹಾಕಲು ಬರುವ ಕೈಗಳನ್ನು ತಡೆಯಿರಿ. ನೇರ ಬಿಸಿಲು ಬೇಡ. ಮೇಲೆ ಸೊಳ್ಳೆ ಪರದೆಯ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಕಪ್ಪೆಗಿಂತ ಮೊದಲು ಸೊಳ್ಳೆ ಬೆಳೆಯುತ್ತದೆ.

ಇನ್ನು ಪಾಠ. ದಿನಕ್ಕೆ ಹತ್ತು ನಿಮಿಷ, ಒಂದು ಸಲಕ್ಕೆ ಆರೇ ಮಕ್ಕಳು ಟಬ್ಬಿನ ಸುತ್ತ. ಮೊದಲ ವಾರದ ವಾಕ್ಯ ಎರಡು: ‘ಇಟ್ ಹ್ಯಾಸ್ ಎ ಟೇಲ್. ಇಟ್ ಹ್ಯಾಸ್ ನೋ ಲೆಗ್ಸ್.’ ‘ಡಸ್ ಇಟ್ ಹ್ಯಾವ್’ ಎಂದು ಕೇಳಲು ಹೋಗಬೇಡಿ, ಮಗು ‘ಹ್ಯಾವ್’ ಹಿಡಿದುಕೊಂಡು ‘ಇಟ್ ಹ್ಯಾವ್’ ಅನ್ನುತ್ತದೆ. ‘ಹೌ ಮೆನಿ ಲೆಗ್ಸ್?’ ಎಂಬ ಒಂದೇ ಪ್ರಶ್ನೆ ಸಾಕು. ಮಗು ‘ಟೂ’ ಅಂದರೆ ನೀವು ಪೂರ್ತಿ ವಾಕ್ಯ ಹೇಳಿ, ಅದೂ ಹೇಳಲಿ.

ಹಿಂಗಾಲು ಮೊದಲು ಬರುತ್ತದೆ. ಬಾಲದ ಬುಡದಲ್ಲಿ ಎರಡು ಚುಕ್ಕೆಯ ಹಾಗೆ ಮೊಳೆತು, ಕೆಲವು ದಿನಕ್ಕೆ ಮಡಚುವ ಕಾಲಾಗುತ್ತದೆ. ಮುಂಗಾಲು ಚರ್ಮದ ಒಳಗೇ ಬೆಳೆದು, ಒಂದು ದಿನ ಮೊಣಕೈ ತಿವಿದಂತೆ ಹೊರಬೀಳುತ್ತದೆ. ಎಷ್ಟೋ ಸಲ ಎರಡೂ ಒಟ್ಟಿಗೆ ಬರುವುದಿಲ್ಲ. ಆಗ ಕೆಲವು ಗಂಟೆ ಮರಿಗೆ ಮೂರೇ ಕಾಲು. ಗೋಡೆಯ ಚಾರ್ಟಿನಲ್ಲಿ ಈ ಚಿತ್ರ ಇರುವುದಿಲ್ಲ. ಕಣ್ಣಿಟ್ಟು ನೋಡಿದ ಮಗು ‘ಮಿಸ್, ತ್ರೀ ಲೆಗ್ಸ್!’ ಎಂದು ಕೂಗುತ್ತದೆ, ಬಾಯಿಪಾಠದ ಮಗು ‘ಫೋರ್’ ಅನ್ನುತ್ತದೆ. ‘ಇಟ್ ಹ್ಯಾಸ್ ತ್ರೀ ಲೆಗ್ಸ್’ ಎಂದು ಬೋರ್ಡಿನಲ್ಲಿ ಬರೆದು ಆ ಮಗುವಿನ ಕೈಯಲ್ಲೇ ಓದಿಸಿ. ‘ಹ್ಯಾಸ್’ ತಲೆಯಲ್ಲಿ ನಿಲ್ಲುವುದು ಇಂಥ ದಿನ.

ಅದೇ ದಿನ ಟಬ್ಬನ್ನು ಓರೆ ಮಾಡಿ, ನೀರು ತಗ್ಗಿಸಿ, ಹತ್ತಿ ಕೂರಲು ಒರಟು ಕಲ್ಲಿಡಿ. ಮರಿ ಈಗ ಗಾಳಿ ಉಸಿರಾಡಬೇಕು, ಆಳ ನೀರಿನಲ್ಲಿ ಮುಳುಗಿ ಸಾಯುತ್ತದೆ. ಬಾಲ ಉದುರುವುದಿಲ್ಲ, ಮೈಯೊಳಗೇ ಕರಗುತ್ತದೆ. ಅಷ್ಟು ದಿನ ಮರಿಗೆ ಬೇರೆ ಊಟ ಬೇಡ. ‘ದಿ ಟೇಲ್ ಫಾಲ್ಸ್’ ಎಂದು ಹೇಳಿಕೊಟ್ಟರೆ ಇಂಗ್ಲಿಷ್ ಸರಿ, ವಿಜ್ಞಾನ ತಪ್ಪು. ‘ದಿ ಟೇಲ್ ಈಸ್ ಸ್ಮಾಲ್’ ಅನ್ನಿಸಿ. ಬಾಲ ಮೊಂಡಾದ ಮೇಲೆ ಒಂದು ಸಂಜೆ, ತಂದ ಗುಂಡಿಯ ಅಂಚಿಗೇ ಬಿಟ್ಟುಬನ್ನಿ. ಮುಟ್ಟಿದವರೆಲ್ಲ ಸೋಪು ಹಾಕಿ ಕೈತೊಳೆಯಲಿ.

ಉಚ್ಚಾರಣೆಗೆ ಬೇರೆ ಪೀರಿಯಡ್ ಬೇಡ. ‘ಹೋಗು’ ನಮ್ಮಲ್ಲಿ ‘ಓಗು’ ಆಗುವುದರಿಂದ ‘ಹಾಪ್’ ಕೂಡ ‘ಆಪ್’ ಆಗುತ್ತದೆ. ಬಾಯಿಯ ಮುಂದೆ ಅಂಗೈ ಹಿಡಿಸಿ, ಉಸಿರು ತಾಗಿದರೆ ಸರಿ. ‘ಪ್ರಾಗ್’ ಅನ್ನುವವರಿಗೆ ಕನ್ನಡಿ ಕೊಡಿ, ಮೇಲಿನ ಹಲ್ಲು ಕೆಳತುಟಿಗೆ ತಾಗುವುದು ಕಾಣಬೇಕು. ‘ಎಗ್ಗು’, ‘ಲೆಗ್ಗು’ಗಳ ಬಾಲ ಕತ್ತರಿಸಲು ಪದದ ಕೊನೆಗೆ ಮುಷ್ಟಿ ಬಿಗಿಹಿಡಿಸಿ. ಮನೆಮಾತನ್ನು ಮಾತ್ರ ಗೇಲಿ ಮಾಡಬೇಡಿ.

ಕಪ್ಪೆ ಮುಗಿದ ಮೇಲೆ ಕರು, ಕೋಳಿಮರಿ. ಇವು ದೊಡ್ಡದಾಗುತ್ತವೆ ಅಷ್ಟೇ, ರೂಪ ಬದಲಿಸುವುದಿಲ್ಲ; ಎರಡು ದಿನದಲ್ಲಿ ಮುಗಿಸಿ. ಶಿಡ್ಲಘಟ್ಟ, ಚಿಂತಾಮಣಿ ಕಡೆಯಾದರೆ ರೇಷ್ಮೆಹುಳು ತನ್ನಿ, ಅಲ್ಲಿ ಮಕ್ಕಳೇ ಮೇಷ್ಟ್ರು. ಎಗ್, ವರ್ಮ್, ಕಕೂನ್, ಮಾತ್ ನಾಲ್ಕು ಪದ ಸಾಕು. ಹುಳು ಪೊರೆ ಬಿಡುವುದಕ್ಕೆ ರೈತರು ‘ಜ್ವರ’ ಅನ್ನುತ್ತಾರಲ್ಲ, ಯಾವುದಾದರೂ ಮಗು ‘ಇಟ್ ಹ್ಯಾಸ್ ಫೀವರ್’ ಅಂದೇ ಅನ್ನುತ್ತದೆ. ಪದ ಬೇರೆ, ವಾಕ್ಯ ಸರಿಯಾಗಿದೆ. ಮೊದಲು ‘ಗುಡ್’ ಅನ್ನಿ, ಆಮೇಲೆ ‘ದಿ ವರ್ಮ್ ಈಸ್ ಸ್ಲೀಪಿಂಗ್’ ಹೇಳಿಕೊಡಿ.