ಸತ್ತ ಹೇಂಟೆಯನ್ನು ಹೂಳುವ ಮುಂಚೆ ಹಿಂಬದಿ ನೋಡಿ

ಮಳೆ ಹಿಡಿದು ಹದಿನೈದು ದಿನ ಆಗುವಷ್ಟರಲ್ಲಿ ನಮ್ಮ ತೀರ್ಥಹಳ್ಳಿ ಕಡೆಯ ಒಂದಲ್ಲ ಒಂದು ಮನೆಯಿಂದ ಫೋನ್ ಬರುತ್ತದೆ. "ಚೆನ್ನಾಗಿ ಮೊಟ್ಟೆ ಇಡ್ತಿದ್ದ ಹೇಂಟೆ ಮಾರಾಯ್ರೆ, ಬೆಳಗ್ಗೆ ನೋಡಿದ್ರೆ ಸತ್ತು ಬಿದ್ದಿದೆ. ಹಿಂದುಗಡೆಯೆಲ್ಲ ಕಿತ್ತು ಹೋಗಿದೆ. ಕೀರ ಬಂದಿರ್ಬೇಕು." ಕೀರ ಎಂದರೆ ಮುಂಗುಸಿ. ಕೋಳಿ ಎಲ್ಲಿದೆ ಎಂದು ಕೇಳಿದರೆ ಆಗಲೇ ಅಡಿಕೆ ಮರದ ಬುಡದಲ್ಲಿ ಹೂತಾಗಿರುತ್ತದೆ. ವಾರದೊಳಗೆ ಇನ್ನೊಂದು ಸಾಯುತ್ತದೆ, ಅದನ್ನೂ ಹೂಳುತ್ತಾರೆ. ಮೂರನೆಯದು ಸತ್ತ ಮೇಲೆ ಚೌಡಿಗೆ ಹರಕೆ, ತೋಟದ ಅಂಚಿಗೆ ಕೀರ ಹಿಡಿಯಲು ಉರುಳು. ಕೀರವನ್ನು ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಹುಪಾಲು ಸಲ ಅದು ಒಡ್ಡಿಯ (ಕೋಳಿಗೂಡಿನ) ಹತ್ತಿರವೂ ಸುಳಿದಿರುವುದಿಲ್ಲ.

ಕಾರಣ ಸತ್ತ ಕೋಳಿಯ ಮೈಮೇಲೆಯೇ ಬರೆದಿರುತ್ತದೆ. ಓದಲು ಬೇಕಾದದ್ದು ಅರ್ಧ ಗಂಟೆ ಸಮಯ, ಒಂದು ಜೊತೆ ಕೈಗವಸು, ಮೂಗು ಬಾಯಿಗೆ ಮಾಸ್ಕ್, ಹರಿತವಾದ ಕತ್ತರಿ, ಹಳೆಯ ಪೇಪರ್ ಅಷ್ಟೇ.

ಮುಟ್ಟುವ ಮುಂಚೆ ಎಣಿಸಿ

ಒಂದೆರಡು ದಿನದೊಳಗೆ ಮೂರು ನಾಲ್ಕು ಕೋಳಿ ಸತ್ತಿದ್ದರೆ, ಉಳಿದವುಗಳ ಮುಖ ಊದಿದ್ದರೆ, ಜುಟ್ಟು ನೀಲಿಗಟ್ಟಿದ್ದರೆ, ಕತ್ತು ತಿರುಚುತ್ತಿದ್ದರೆ ಈ ಲೇಖನ ಅಲ್ಲಿಗೇ ಮಡಚಿಡಿ. ಅದು ಕೊಕ್ಕರೆ ರೋಗ (ರಾಣಿಖೇತ್) ಇರಬಹುದು, ಹಕ್ಕಿಜ್ವರವೂ ಇರಬಹುದು. ಕೊಯ್ಯಬೇಡಿ, ಸಾರಿಗೆ ಹಾಕಬೇಡಿ, ಉಳಿದ ಕೋಳಿ ಮಾರಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಒಂದೊಂದಾಗಿ, ದಿನ ಬಿಟ್ಟು ದಿನ, ವಾರ ಬಿಟ್ಟು ವಾರ ಸಾಯುತ್ತಿದ್ದರೆ ಮಾತ್ರ ಮುಂದೆ ಓದಿ.

ಎಲ್ಲಿ, ಯಾವಾಗ

ಕೀರ ಹಗಲಿನ ಪ್ರಾಣಿ. ಸಂಜೆ ಬಾಗಿಲು ಹಾಕಿ ಬೆಳಗ್ಗೆ ತೆರೆದಾಗ ಕೋಳಿ ಸತ್ತಿದ್ದರೆ ಕೀರವನ್ನು ಪಟ್ಟಿಯಿಂದ ತೆಗೆದುಬಿಡಿ. ರಾತ್ರಿ ಬರುವುದು ಪುನುಗು ಬೆಕ್ಕು, ಕಾಡುಬೆಕ್ಕು. ಇವು ಹಿಡಿಯುವುದು ಕುತ್ತಿಗೆ, ತಲೆ. ಕುತ್ತಿಗೆಯ ಪುಕ್ಕ ಬಿಡಿಸಿ ನೋಡಿ. ಹಲ್ಲು ಊರಿದ ತೂತು, ಚರ್ಮದಡಿ ಕಪ್ಪು ರಕ್ತ ಕಂಡರೆ ಬೇಟೆಯಾಡುವ ಪ್ರಾಣಿ ಎನ್ನಿ. ಕುತ್ತಿಗೆ ಸ್ವಚ್ಛವಾಗಿದ್ದು ಹಿಂಬದಿ ಮಾತ್ರ ಹರಿದಿದ್ದರೆ ಅಪರಾಧಿ ಒಡ್ಡಿಯೊಳಗೇ ಇದೆ. ಮೊಟ್ಟೆ ಇಡುವ ಬುಟ್ಟಿಯಲ್ಲೋ ಅದರ ಕೆಳಗೋ ಸತ್ತಿದ್ದರಂತೂ ಅನುಮಾನವೇ ಬೇಡ.

ಗಾಯ ಓದುವುದು

ಎಲ್ಲರೂ ಎಡವುವುದು ಇಲ್ಲಿ. ಮೊದಲ ತಪ್ಪೆಂದರೆ ಕೊಡದಲ್ಲಿ ನೀರು ತಂದು ಸುರಿಯುವುದು. ಹಾಗೆ ಮಾಡಬೇಡಿ. ಒಣಗಿದ ರಕ್ತ ಎಲ್ಲೆಲ್ಲಿ ಹರಿದಿದೆ ಎನ್ನುವುದೇ ನಿಮ್ಮ ಮೊದಲ ಸಾಕ್ಷಿ. ಕೋಳಿಯನ್ನು ಬೆನ್ನ ಮೇಲೆ ಮಲಗಿಸಿ, ಬೆಳಕಿಗೆ ಹಿಂಬದಿ ಹಿಡಿದು, ಗುದದ ಸುತ್ತಲಿನ ತುಪ್ಪಳವನ್ನು ಎರಡು ಹೆಬ್ಬೆರಳಿನಿಂದ ನಿಧಾನಕ್ಕೆ ಬಿಡಿಸಿ.

ಕೋಳಿಗೆ ಹಿಕ್ಕೆಗೂ ಮೊಟ್ಟೆಗೂ ಒಂದೇ ಬಾಗಿಲು. ಮೊಟ್ಟೆ ಹೊರಬರುವಾಗ ಅಂಡನಾಳದ ತುದಿ ಕಾಲುಚೀಲದ ಒಳಮಗ್ಗುಲು ಹೊರಳಿದಂತೆ ಹೊರಬಂದು ಮೊಟ್ಟೆಯನ್ನು ಹಿಕ್ಕೆಗೆ ತಾಗದಂತೆ ಬಿಡುತ್ತದೆ, ಸ್ವಲ್ಪ ಹೊತ್ತಿನಲ್ಲಿ ಒಳಗೆ ಸೇರುತ್ತದೆ. ಆ ಸ್ವಲ್ಪ ಹೊತ್ತು ಅದು ಹಸಿ ಕೆಂಪು, ಒದ್ದೆ, ಹೊಳೆಯುತ್ತದೆ. ಕೆಂಪು ಕಂಡರೆ ಕುಟುಕುವುದು ಕೋಳಿಯ ಸ್ವಭಾವ. ಬುಟ್ಟಿ ಬೆಳಕಿನಲ್ಲಿದ್ದರೆ, ಒಂದೇ ಬುಟ್ಟಿಗೆ ಹತ್ತು ಹೇಂಟೆ ಕಾಯುತ್ತಿದ್ದರೆ, ಒಂದು ಕುಟುಕು ಸಾಕು. ರಕ್ತ ಬಂತೆಂದರೆ ಉಳಿದವೂ ಸೇರುತ್ತವೆ, ಕರುಳು ಎಳೆದು ಹಾಕುವವರೆಗೆ ಬಿಡುವುದಿಲ್ಲ.

ಈಗ ಗಾಯದ ಅಂಚು ನೋಡಿ. ಬದುಕಿದ್ದಾಗ ಆದ ಗಾಯದ ಅಂಚು ಊದಿರುತ್ತದೆ, ಕೆಂಪು-ನೇರಳೆ ಬಣ್ಣಕ್ಕಿರುತ್ತದೆ, ಹೆಪ್ಪುಗಟ್ಟಿದ ರಕ್ತ ಮಾಂಸದೊಳಗೇ ಇಳಿದು ಅಂಟಿಕೊಂಡಿರುತ್ತದೆ. ಸತ್ತ ಮೇಲೆ ಆದ ಗಾಯದ ಅಂಚು ಬಿಳಿಚಿರುತ್ತದೆ, ಚಪ್ಪಟೆಯಾಗಿರುತ್ತದೆ, ರಕ್ತ ಇದ್ದರೂ ಮೇಲೆ ಸವರಿದಂತಿರುತ್ತದೆ. ನೀರು ಬೇಕಾಗುವುದು ಈಗ. ಒದ್ದೆ ಬಟ್ಟೆಯಿಂದ ಅಂಚನ್ನು ಎರಡು ಮೂರು ಸಲ ಒರೆಸಿ. ಬಣ್ಣ ಬಟ್ಟೆಗೆ ಬಂದು ಮಾಂಸ ಬಿಳಿಚಿತೋ, ಸತ್ತ ಮೇಲೆ ಕುಟುಕಿದ್ದು. ಎಷ್ಟು ಒರೆಸಿದರೂ ಮಾಂಸದ ಕಪ್ಪುಕೆಂಪು ಹೋಗಲಿಲ್ಲವೋ, ಜೀವ ಇದ್ದಾಗಲೇ ಆದದ್ದು.

ಒಂದು ಕಡೆ ಮಾತ್ರ ನೋಡಿ ತೀರ್ಮಾನಕ್ಕೆ ಬರಬೇಡಿ. ಬದುಕಿದ್ದಾಗ ಸಣ್ಣ ಗಾಯ, ಸತ್ತ ಮೇಲೆ ಅದರ ಮೇಲೆ ದೊಡ್ಡ ಗಾಯ ಆಗಿರುವುದು ಬಹಳ ಸಾಮಾನ್ಯ. ಅಂಚಿನ ಸುತ್ತ ಪೂರ್ತಿ ಬೆರಳು ಆಡಿಸಿ. ಎಲ್ಲೋ ಒಂದು ಕಡೆ, ಹೆಚ್ಚಾಗಿ ಗುದದ ಕೆಳತುಟಿಯಲ್ಲಿ, ಉದ್ದಿನಕಾಳಿನಷ್ಟು ಊತ ಸಿಕ್ಕಿದರೆ ಮೊದಲ ಕುಟುಕು ಅಲ್ಲಿ ಬಿದ್ದಿದೆ ಎಂದು ತಿಳಿಯಿರಿ.

ಜೊತೆಗೆ ಜುಟ್ಟು ನೋಡಿ. ಕುಟುಕಿಸಿಕೊಂಡೇ ಸತ್ತ ಕೋಳಿ ರಕ್ತ ಬಸಿದು ಸತ್ತಿರುತ್ತದೆ. ಜುಟ್ಟು, ಬಾಯಿಯ ಒಳಗು, ಎದೆಮಾಂಸ ಎಲ್ಲ ಸುಣ್ಣದಂತೆ ಬಿಳಿಚಿರುತ್ತದೆ. ಹಿಂಬದಿ ಹರಿದಿದ್ದೂ ಜುಟ್ಟು ಕಪ್ಪುಕೆಂಪಾಗಿಯೇ ಇದ್ದರೆ ಸಾವಿಗೆ ಕಾರಣ ಬೇರೆ, ಗಾಯ ಆಮೇಲಿನದು.

ಇನ್ನೊಂದು ಬಗೆ, ಮೈ ಹೊರಗೆ ಬೀಳುವುದು. ಹೊರಬಂದ ಅಂಡನಾಳ ವಾಪಸು ಹೋಗದೆ ಹೊರಗೇ ಉಳಿದು, ಊದಿ, ಒಣಗಿ, ಆಮೇಲೆ ಕುಟುಕಿಗೆ ಸಿಕ್ಕಿರುತ್ತದೆ. ಇದರಲ್ಲಿ ಉಳಿದ ಚೂರಿನ ಮೇಲ್ಮೈ ಒಣ ಚರ್ಮದಂತೆ ಗಡುಸಾಗಿ ಕಪ್ಪಿಟ್ಟಿರುತ್ತದೆ, ಹಿಕ್ಕೆ, ಉಮಿ ಅಂಟಿರುತ್ತದೆ. ವಯಸ್ಸಿಗೆ ಮುಂಚೆ ಲೈಟು ಹಾಕಿ ಮೊಟ್ಟೆಗೆ ತಂದ ಎಳೆ ಹೇಂಟೆಗಳಲ್ಲಿ, ಎರಡು ಹಳದಿಯ ದೊಡ್ಡ ಮೊಟ್ಟೆ ಇಟ್ಟವುಗಳಲ್ಲಿ, ಅನ್ನ ನುಚ್ಚು ತಿಂದು ಕೊಬ್ಬಿದವುಗಳಲ್ಲಿ ಇದು ಹೆಚ್ಚು. ಹಿಂದಿನ ವಾರದ ಮೊಟ್ಟೆಗಳ ಚಿಪ್ಪಿನ ಮೇಲೆ ರಕ್ತದ ಗೆರೆ ಇತ್ತಾ ಎಂದು ಮನೆಯಲ್ಲಿ ಕೇಳಿ. ಮೊಟ್ಟೆ ತೊಳೆದಿಡುವವರಿಗೆ ಮಾತ್ರ ಇದು ಗೊತ್ತಿರುತ್ತದೆ.

ಕುಟುಕಿದ್ದೆಂದು ಖಚಿತವಾದರೆ ಬದುಕಿರುವವುಗಳ ಮುಖ ನೋಡಿ. ಕೊಕ್ಕಿನ ಬುಡದಲ್ಲಿ, ಮುಖದ ಪುಕ್ಕದಲ್ಲಿ ಒಣಗಿದ ರಕ್ತ ಇರುವುದೇ ಕುಟುಕಿದ್ದು. ಅದನ್ನು ಬೇರೆ ಗೂಡಿಗೆ ಹಾಕಿ. ನಾಲ್ಕೈದು ಹೇಂಟೆಗೆ ಒಂದು ಬುಟ್ಟಿ ಇಡಿ, ಬುಟ್ಟಿಯ ಬಾಯಿಗೆ ಗೋಣಿತಾಟು ಇಳಿಬಿಡಿ. ನಮ್ಮಲ್ಲಿ ಆಷಾಢದ ಮಳೆಗೆ ಕೋಳಿಗಳು ಎಂಟೆಂಟು ದಿನ ಹೊರಗೆ ಕಾಲಿಡುವುದಿಲ್ಲ. ಕೆರೆಯಲು ನೆಲವಿಲ್ಲ, ಹಾಸು ಒದ್ದೆ. ಆಗ ಒಂದರ ಹಿಂಬದಿ ಇನ್ನೊಂದಕ್ಕೆ ಕೆಲಸವಾಗುತ್ತದೆ. ಒಣ ತರಗೆಲೆ ಒಂದು ಚೀಲ ಬೇಸಿಗೆಯಲ್ಲೇ ತುಂಬಿಟ್ಟುಕೊಂಡು ಒಡ್ಡಿಯೊಳಗೆ ಹರಡಿ, ಅದರೊಳಗೆ ಭತ್ತ ಎಸೆಯಿರಿ. ನಾನು ಕಂಡಂತೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಸಣ್ಣ ಗಾಯಕ್ಕೆ ನೇರಳೆ ಬಣ್ಣದ ಜೆನ್ಶನ್ ವಯೊಲೆಟ್ ಔಷಧಿ ಹಚ್ಚಿ. ಅದು ಕೆಂಪನ್ನು ಮುಚ್ಚುತ್ತದೆ, ಅದೇ ಮುಖ್ಯ. ಸೀಮೆಎಣ್ಣೆ ಬೇಡವೇ ಬೇಡ, ಒಳಪೊರೆ ಸುಟ್ಟುಹೋಗುತ್ತದೆ. ಕಾಯಿಸಿದ ಕತ್ತಿಯಲ್ಲಿ ಮನೆಯಲ್ಲೇ ಕೊಕ್ಕು ಸುಡುವವರಿದ್ದಾರೆ. ಅದನ್ನು ಒಮ್ಮೆ ನೋಡಿದ್ದೇನೆ, ಆ ಕೋಳಿ ಮತ್ತೆ ಕಾಳು ಹೆಕ್ಕಲಿಲ್ಲ. ಚೀಟಿಯಿಲ್ಲದ ಬಾಟಲಿಯ "ಟಾನಿಕ್" ಕೂಡ ಬೇಡ. ಒಬ್ಬ ಅಂಗಡಿಯವರು ಕೊಟ್ಟದ್ದನ್ನು ನಾನೂ ಒಂದು ವರ್ಷ ಹಾಕಿದೆ, ಒಂದು ಸಾವೂ ನಿಲ್ಲಲಿಲ್ಲ. ಕುಟುಕಿಗೆ ಉಪ್ಪಿನ ಕೊರತೆಯೂ ಒಂದು ಕಾರಣವೆಂದು ಕೇಳಿ ನೀರಿಗೆ ಉಪ್ಪು ಸುರಿಯಬೇಡಿ, ಹೆಚ್ಚಾದರೆ ಉಪ್ಪೇ ಕೊಲ್ಲುತ್ತದೆ.

ಗಾಯವೇ ಇಲ್ಲದಿದ್ದರೆ

ಎದೆಮೂಳೆ ಮುಟ್ಟಿ. ಕತ್ತಿಯ ಅಲಗಿನಂತೆ ಚೂಪಾಗಿದ್ದರೆ ಬಹಳ ದಿನದ ಕಾಯಿಲೆ, ಹುಳು ಅಥವಾ ಇನ್ನೇನೋ. ಮೈ ತುಂಬಿದ್ದರೆ ಸಾವು ದಿಢೀರ್ ಬಂದದ್ದು. ಗುದದ ಸುತ್ತ ಕಪ್ಪು ಪುಡಿಯಂತೆ ಹರಿದಾಡುವುದು ಉಣ್ಣೆಹುಳ. ಇನ್ನೊಂದು ಜಾತಿಯದು ಹಗಲು ಕೂರುಕಟ್ಟೆಯ ಬಿರುಕಿನಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತದೆ, ಅದನ್ನು ನೋಡಲು ರಾತ್ರಿ ಟಾರ್ಚ್ ಹಿಡಿದೇ ಹೋಗಬೇಕು.

ಆಮೇಲೆ ಹೊಟ್ಟೆ ತೆರೆಯಿರಿ. ಬಾವಿಕಟ್ಟೆಯಿಂದ ದೂರ, ಪೇಪರ್ ಹಾಸಿ, ಪುಕ್ಕ ಹಾರದಂತೆ ಸೋಪಿನ ನೀರಿನಲ್ಲಿ ಒದ್ದೆ ಮಾಡಿ. ಎದೆಮೂಳೆಯ ತುದಿಯಿಂದ ಗುದದ ಕಡೆಗೆ ಚರ್ಮ ಮಾತ್ರ ಮೊದಲು ಕತ್ತರಿಸಿ, ಕತ್ತರಿಯ ಮೊನೆ ಮೇಲಕ್ಕಿರಲಿ. ಹೊಟ್ಟೆಯ ಚರ್ಮ ಹಸಿರಿಗೆ ತಿರುಗಿದ್ದರೆ ತಡವಾಗಿದೆ, ಕಂಡದ್ದನ್ನೆಲ್ಲ ನಂಬಬೇಡಿ.

ಹೋದ ವರ್ಷ ನಮ್ಮದೇ ಗಿರಿರಾಜ ಹೇಂಟೆಯೊಂದು ಹೀಗೆ ಸತ್ತಿತ್ತು, ಮೈಮೇಲೆ ಒಂದು ಗೀರೂ ಇರಲಿಲ್ಲ. ಕತ್ತರಿ ಹಾಕುತ್ತಲೇ ಎರಡು ಬೆರಳು ದಪ್ಪದ ಹಳದಿ ಕೊಬ್ಬು. ಅದನ್ನು ಸರಿಸಿದರೆ ಪಿತ್ತಜನಕಾಂಗ ಅರಿಸಿನ ಕಲಸಿದ ಜೇಡಿಮಣ್ಣಿನ ಬಣ್ಣ, ಬೆರಳಿಟ್ಟರೆ ಪುಡಿಯಾಯಿತು. ಒಂದು ಮಗ್ಗುಲಿಗೆ ಅಂಗೈಯಗಲ ಹೆಪ್ಪುಗಟ್ಟಿದ ರಕ್ತ. ಕೊಬ್ಬು ತುಂಬಿದ ಪಿತ್ತಜನಕಾಂಗ ಒಡೆದು ಒಳಗೇ ರಕ್ತ ಸುರಿದಿತ್ತು. ದಿನವೂ ಉಳಿದ ಅನ್ನವನ್ನೆಲ್ಲ ಪ್ರೀತಿಯಿಂದ ಹಾಕಿದ್ದು ನಾವೇ. ಮಳೆಗಾಲದಲ್ಲಿ ಬೂಸ್ಟು ಹಿಡಿದ ಮೆಕ್ಕೆಜೋಳವೂ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಬಿಸಿಲಿಗೆ ಹಾಕಿದರೆ ಬೂಸ್ಟು ಒಣಗುತ್ತದೆ, ವಿಷ ಹೋಗುವುದಿಲ್ಲ.

ಹೊಟ್ಟೆಯೊಳಗೆ ಹಳದಿ ನೀರು, ಬೆಂದ ಹಳದಿಯಂಥ ಚೂರು, ಕೆಟ್ಟ ವಾಸನೆ ಇದ್ದರೆ ಮೊಟ್ಟೆಯ ಹಳದಿ ದಾರಿ ತಪ್ಪಿ ಹೊಟ್ಟೆಗೆ ಬಿದ್ದು ಸೋಂಕಾಗಿದೆ. ಅಂಡನಾಳದಲ್ಲಿ ಪದರ ಪದರವಾದ ಗಿಣ್ಣದಂಥ ಗಟ್ಟಿ ಇದ್ದರೆ ಅಲ್ಲೇ ಕೀವುಗಟ್ಟಿದ್ದು. ಜಠರದ ಒಳಪೊರೆಯಲ್ಲಿ ರಕ್ತದ ಚುಕ್ಕಿ ಕಂಡರೆ ಕತ್ತರಿ ಕೆಳಗಿಟ್ಟು ಪಶುವೈದ್ಯರಿಗೆ ಫೋನ್ ಮಾಡಿ, ಕೊಕ್ಕರೆ ರೋಗದ ಗುರುತು ಅದು.

ಎಲ್ಲವೂ ಸರಿಯಾಗಿದ್ದು, ಚಿಪ್ಪು ಕಟ್ಟುವ ಚೀಲದಲ್ಲಿ ಒಂದು ಮೊಟ್ಟೆ ಸಿಕ್ಕಿ, ಎದೆಮೂಳೆ ಹಿಡಿದರೆ ಬಾಗಿತೋ, ಸುಣ್ಣದಂಶ ಸಾಲದೆ ಸತ್ತಿರುವ ಸಾಧ್ಯತೆ ಹೆಚ್ಚು. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಚಿಪ್ಪು ಕಟ್ಟಲು ಸುಮಾರು 20 ಗಂಟೆ, ಅದರಲ್ಲಿ ಹೆಚ್ಚಿನದು ರಾತ್ರಿ. ಆಹಾರದಲ್ಲಿ ಸಿಗದಿದ್ದರೆ ಮೂಳೆಯಿಂದ ಎಳೆದುಕೊಳ್ಳುತ್ತದೆ. ಹಾಗಾಗಿ ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿ, ಸಂಜೆ ಇಡಿ. ನುಣ್ಣಗಿನ ಪುಡಿಗಿಂತ ಜೋಳದ ಕಾಳಿನಷ್ಟು ದಪ್ಪದ ಚೂರೇ ಒಳ್ಳೆಯದು, ರಾತ್ರಿಯಿಡೀ ಕರಗುತ್ತಿರುತ್ತದೆ.

ನಿಮಗೆ ತಿಳಿಯದಿದ್ದರೆ

ಮೂರು ದಿನ ಕಣ್ಣುಮುಚ್ಚಿ ಆಂಟಿಬಯೋಟಿಕ್ ಕೊಡುವ ಬದಲು ಮುಂದಿನ ಕೋಳಿಯನ್ನು ತೆರೆಯದೆ ಹಾಗೇ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ತಲುಪಿಸಿ. ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಫ್ರೀಜರ್‌ನಲ್ಲಿ ಇಡಬೇಡಿ, ಹೆಪ್ಪುಗಟ್ಟಿ ಕರಗಿದ ಅಂಗಾಂಶ ಪರೀಕ್ಷೆಗೆ ಬರುವುದಿಲ್ಲ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಥರ್ಮೋಕೋಲ್ ಡಬ್ಬದಲ್ಲಿ ಸುತ್ತ ಐಸ್ ಇಟ್ಟು, ಅದೇ ದಿನ ಬೆಳಗಿನ ಬಸ್ಸಿಗೆ ಯಾರನ್ನಾದರೂ ಜೊತೆಗೆ ಕಳಿಸಿ. ಚೀಟಿಯಲ್ಲಿ ಇಷ್ಟು ಬರೆಯಿರಿ: ಕೋಳಿಯ ವಯಸ್ಸು, ಎಷ್ಟು ಇದ್ದವು ಎಷ್ಟು ಸತ್ತವು, ಏನು ತಿನ್ನಿಸುತ್ತೀರಿ, ಯಾವ ಲಸಿಕೆ ಯಾವಾಗ, ಕೊನೆಯ ಮೊಟ್ಟೆ ಇಟ್ಟದ್ದು ಯಾವ ದಿನ, ಸತ್ತದ್ದು ಎಲ್ಲಿ. ಮನೆಯಲ್ಲೇ ತೆರೆದ ಕೋಳಿಯನ್ನು ಮೂರಡಿ ಆಳದ ಗುಂಡಿಗೆ, ಮೇಲೆ ಸುಣ್ಣ ಹರಡಿ ಮುಚ್ಚಿ. ಗುಂಡಿ ತೋಟದ ಮೇಲಿನ ಏರಿನಲ್ಲಿರಲಿ, ಮಳೆನೀರು ಹರಿಯುವ ಕಾದಿಗೆಯ ಪಕ್ಕ ಬೇಡ.